ಅಪ್ಪ ಸುಳಿ ನೋಡಿ ಆರಿಸಿದ ಬ್ರೇಕು

ಚಲಿಸುವ ಯಾವುದೇ ವಸ್ತುವಿನ ಘನತೆ ಅದು ನಿಲ್ಲುವ ರೀತಿಯಲ್ಲಿದೆ. ರಾಜ್ಯಗಳು, ಭಾಷಣಗಳು, ಊಟಕ್ಕೆ ಬಂದ ನೆಂಟರು, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಇಂಥ ಗಂಭೀರ ಸತ್ಯ ನನಗೆ ಹೊಳೆದಾಗ ನಾನು ಹಂಸಭಾವಿಯ ಬೀಗರ ಹುಲ್ಲಿನ ಬಣವೆಯೊಳಗೆ, ಕಾರಿನ ಸಮೇತ, ಕುಳಿತಿದ್ದೆ. ಮುಂದಿನ ಗಾಜಿನ ತುಂಬ ಹುಲ್ಲು. ಹಿಂದಿನಿಂದ ಬೀಗರ ಧ್ವನಿ.

ಇದನ್ನೆಲ್ಲ ಈಗ ನೆನಪಿಗೆ ತಂದವನು ಮನೆಗೆ ಸುಣ್ಣ ಬಳಿಯಲು ಬಂದವನು. ನಮ್ಮ ಪಡಸಾಲೆಯ ಬಾಗಿಲು ಗಾಳಿಗೆ ಬಡಿಯದಿರಲೆಂದು ಅದರ ಬುಡಕ್ಕೆ ಗೇಣುದ್ದದ ಕಬ್ಬಿಣದ ತುಂಡೊಂದನ್ನು ಇಟ್ಟು ಎಷ್ಟೋ ವರ್ಷವಾಯಿತು. ಆತ ಅದನ್ನು ಕಾಲಿನಿಂದ ಸರಿಸಿ, "ಇದೇನ್ರೀ ಸರ, ಹಳೇ ಪಂಪಿನ ತುಂಡೇನ? ಗುಜರಿಗೆ ಹಾಕ್ರಲಾ" ಎಂದ.

ನಾನು ಅವನನ್ನು ಕ್ಷಮಿಸಿದೆ. ತಿಳಿಯದೆ ಆಡಿದ ಮಾತು. ಅದು ಪಂಪಿನ ತುಂಡಲ್ಲ, ಕಾರಿನ ಬ್ರೇಕಿನ ಮಾಸ್ಟರ್ ಸಿಲಿಂಡರು. ಗೊತ್ತಿಲ್ಲದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ನೀವು ಕಾಲಿನಿಂದ ಬ್ರೇಕಿನ ಪೆಡಲು ಒತ್ತಿದರೆ ಈ ಕೊಳವೆಯೊಳಗಿನ ರಬ್ಬರಿನ ಬಟ್ಟಲು ಎಣ್ಣೆಯನ್ನು ಮುಂದೆ ದೂಡುತ್ತದೆ. ಎಣ್ಣೆ ಸಣ್ಣ ನಳಿಕೆಗಳಲ್ಲಿ ಓಡಿ ನಾಲ್ಕೂ ಗಾಲಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ಕಾಲು ತೆಗೆದರೆ ಎಣ್ಣೆ ಹಿಂದಕ್ಕೆ ಬಂದು ಗಾಲಿಗಳನ್ನು ಬಿಡುತ್ತದೆ. ಹಿಡಿಯುವುದೂ ಬಿಡುವುದೂ ಎರಡೂ ಅದರ ಕೆಲಸ ಎನ್ನುವುದನ್ನು ದಯವಿಟ್ಟು ನೆನಪಿಡಿ. ಈ ಕತೆಯಲ್ಲಿ ನಾವು ಮರೆತದ್ದು ಅದನ್ನೇ.

ನಾನು ಶಿಗ್ಗಾವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು ಪ್ರತಿ ವರ್ಷ ಒಂಬತ್ತನೆಯ ಇಯತ್ತೆಗೆ ಕಲಿಸುತ್ತಿದ್ದೆ. ಹಲಗೆಯ ಮೇಲೆ ಚಿತ್ರ ಬಿಡಿಸುತ್ತಿದ್ದೆ, ಬಾಣದ ಗುರುತು ಹಾಕುತ್ತಿದ್ದೆ, ಬರೆದುಕೊಳ್ಳದವರ ಕಿವಿ ಹಿಂಡುತ್ತಿದ್ದೆ. ಆ ನಿಯಮ ನನ್ನ ಸ್ವಂತ ಕಾರಿನ ಪೆಡಲಿನ ಕೆಳಗೆ ವಾಸವಾಗಿದೆ ಎಂದು ನನಗೆ ತಿಳಿದದ್ದು ಬಣವೆಯಿಂದ ಹೊರಗೆ ಬಂದ ಮೇಲೆ.

ಮಾಸ್ತರನಿಗೆ ಕಾರು ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ಊರೆಲ್ಲ ಕೇಳಿತ್ತು. ಹಾನಗಲ್ಲಿನ ವೃದ್ಧ ಡಾಕ್ಟರೊಬ್ಬರು ಕಣ್ಣು ಮಂಜಾದ ಮೇಲೆ ತಮ್ಮ ವಿಲಾಯತಿ ಕಾರನ್ನು ನನಗೆ ಕೊಟ್ಟುಬಿಟ್ಟರು. ಬಿಳಿಯರು ಇದ್ದಾಗಿನ ಗಾಡಿ. ಕೀಲಿ ಕೈಗಿಡುವಾಗ ಅವರು ಹೇಳಿದ್ದು ಇಷ್ಟು: "ಮಾಸ್ತರ, ಇದನ್ನ ಓಡಸಾಕ ಧೈರ್ಯ ಬೇಕಾಗಿಲ್ಲ. ಇಳಿಜಾರದಾಗ ಮಾತ್ರ ಒಂದೀಟು ಭಕ್ತಿ ಬೇಕು." ನಾನು ಅದನ್ನು ಹಾಸ್ಯವೆಂದು ತಿಳಿದೆ. ಕಪ್ಪು ಬಣ್ಣ, ಉಬ್ಬಿದ ಪಕ್ಕೆ, ನಿಧಾನದ ನಡೆ. ಶಿಗ್ಗಾವಿಯ ಮಂದಿ ಒಂದೇ ದಿನದಲ್ಲಿ ಅದಕ್ಕೆ 'ಗಬ್ಬದೆಮ್ಮಿ' ಎಂದು ನಾಮಕರಣ ಮಾಡಿದರು. ನಾನು ಸಂತೆಯ ದಿನ ಪೇಟೆಯಲ್ಲಿ ಹಾದರೆ, "ಸರೀರಿ, ಮಾಸ್ತರ ಎಮ್ಮಿ ಬಂತು" ಎಂದು ದಾರಿ ಬಿಡುತ್ತಿದ್ದರು. ಗೌರವದಿಂದ ಬಿಡುತ್ತಾರೆಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಅಪ್ಪ ಇರುತ್ತಿದ್ದದ್ದು ದುಂಡಸಿಯಲ್ಲಿ. ಅವನು ರೈತ, ಆದರೆ ಸುತ್ತಲಿನ ಹಳ್ಳಿಗಳಿಗೆ ಎತ್ತು ನೋಡುವವನು. ಹಿರೇಬೆಂಡಿಗೇರಿಯಿಂದ ಕೂಡ ಜನ ಬಂದು ಅವನನ್ನು ದನದ ಪೇಟೆಗೆ ಕರೆದುಕೊಂಡು ಹೋಗುತ್ತಿದ್ದರು. ಚಿಕ್ಕವನಿದ್ದಾಗ ನಾನೂ ಅವನ ಟವೆಲಿನ ತುದಿ ಹಿಡಿದು ಹೋಗಿದ್ದೇನೆ. ಸಗಣಿ, ಬೆಲ್ಲದ ಚಹಾ, ಬೀಡಿಯ ಹೊಗೆ, ಎತ್ತಿನ ಕೊರಳ ಗಂಟೆ. ನಡುವೆ ಅಪ್ಪ, ಒಂದು ಎತ್ತಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಬಾಲ ಎತ್ತಿ, ಗೊರಸು ತಟ್ಟಿ, ಬಾಯಿ ತೆರೆಸಿ ಹಲ್ಲು ಎಣಿಸಿ, ಕೊನೆಗೆ ಮೈಮೇಲಿನ ಸುಳಿ ಹುಡುಕುತ್ತಿದ್ದ. ಕೂದಲು ಸುತ್ತಿಕೊಂಡ ಸುಳಿ ಎಲ್ಲಿದೆ ಎನ್ನುವುದರ ಮೇಲೆ ಎತ್ತಿನ ಭವಿಷ್ಯ. ಕಣ್ಣಿನ ಕೆಳಗೆ ಸುಳಿಯಿದ್ದರೆ ಕೊಂಡವನ ಮನೆಯಲ್ಲಿ ಕಣ್ಣೀರು. ಅಂಥ ಎತ್ತನ್ನು ಪುಕ್ಕಟೆ ಕೊಟ್ಟರೂ ಅಪ್ಪ ಹಗ್ಗ ಮುಟ್ಟುತ್ತಿರಲಿಲ್ಲ.

ಈ ವಿದ್ಯೆಯನ್ನು ಅವನು ಎತ್ತಿಗಷ್ಟೇ ಮೀಸಲಿಟ್ಟಿರಲಿಲ್ಲ ಎನ್ನುವುದೇ ನಮ್ಮ ತೊಂದರೆ. ನನಗೆ ಹೆಣ್ಣು ನೋಡಲು ಹೋದಾಗ ನನ್ನ ಭಾವಿ ಮಾವನನ್ನು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿ ನೋಡಿದ. ನಮ್ಮ ಹೆಡ್‌ಮಾಸ್ತರರ ಬಗ್ಗೆ ಅವನ ಅಭಿಪ್ರಾಯ, "ಮೈ ಐತಿ, ಕಸುವಿಲ್ಲ." ನನ್ನ ಬಗ್ಗೆ ಅಭಿಪ್ರಾಯ ಕೇಳುವ ಧೈರ್ಯ ನಾನು ಮಾಡಲಿಲ್ಲ. ಕಾರು ದುಂಡಸಿಗೆ ಮೊದಲ ಸಲ ಬಂದಾಗ ಅದರ ಸುತ್ತ ಮೂರು ಸುತ್ತು ಹಾಕಿ, ಬೆನ್ನು ತಟ್ಟಿ, ಹೇಳಿದ: "ಮೈಕಟ್ಟು ಚಲೋ ಐತಿ. ವಯಸ್ಸಾಗೇದ. ನಿಂದ್ರೂದು ಹೆಂಗ, ನೋಡಬೇಕು."

ಅದನ್ನು ಎಲ್ಲರೂ ನೋಡಿದ್ದು ದೀಪಾವಳಿಗೆ. ತಂಗಿ ಗಿರಿಜೆಯನ್ನು ಕೊಟ್ಟ ಊರು ಹಿರೇಕೆರೂರು ತಾಲೂಕಿನ ಹಂಸಭಾವಿ. ಹಬ್ಬಕ್ಕೆ ಅವಳನ್ನು ಕರೆಯಲು ನಾನು ಕಾರಿನಲ್ಲಿ, ಕಿಡಕಿಯ ಹೊರಗೆ ಮೊಳಕೈ ಇಟ್ಟುಕೊಂಡು, ಹೋದೆ. ಬೀಗರು, ಎಂದರೆ ಗಿರಿಜೆಯ ಮಾವ, ಅಂಗಳದಲ್ಲಿ ಕೈಮುಗಿದು ನಿಂತಿದ್ದರು. ನಾನು ಬ್ರೇಕು ಒತ್ತಿದೆ. ಪೆಡಲು ಬೆಣ್ಣೆಯಲ್ಲಿ ಕಾಲಿಟ್ಟಂತೆ ನೆಲ ಮುಟ್ಟಿತು. ಬೀಗರು ಮುಗಿದ ಕೈ ಬಿಡಿಸದೆಯೇ ಪಕ್ಕಕ್ಕೆ ಹಾರಿದರು. ಆ ವಯಸ್ಸಿನಲ್ಲಿ ಅಷ್ಟು ಚುರುಕು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಬಣವೆ.

ನಿಜ ಹೇಳಬೇಕೆಂದರೆ ಬ್ರೇಕಿಗೂ ನನಗೂ ಮೊದಲಿನಿಂದಲೂ ಆಗಿಬಂದಿಲ್ಲ. ನಾನು ಸೈಕಲ್ಲು ಕಲಿತದ್ದು ಬಾಡಿಗೆಯ ಸೈಕಲ್ಲಿನ ಮೇಲೆ. ಅದಕ್ಕೆ ಗಂಟೆಯಿತ್ತು, ಬ್ರೇಕಿರಲಿಲ್ಲ. ನಿಲ್ಲಬೇಕಾದರೆ ಎಡಗಾಲಿನ ಚಪ್ಪಲಿಯನ್ನು ಮುಂದಿನ ಗಾಲಿಗೆ ಒತ್ತಬೇಕು. ಹೀಗಾಗಿ ನನ್ನ ಎಡ ಚಪ್ಪಲಿ ಯಾವಾಗಲೂ ಬಲ ಚಪ್ಪಲಿಗಿಂತ ಮೊದಲು ಸವೆಯುತ್ತಿತ್ತು. ಬರಿಗಾಲಲ್ಲಿ ಹೋದ ದಿನ ಊರ ಮುಂದಿನ ಹುಣಸೆಮರವೇ ಬ್ರೇಕು. ಆ ಮರಕ್ಕೆ ನಾನು ಇಂದಿಗೂ ಋಣಿ.

ಇರಲಿ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಗಿರಿಜೆಯ ಕಾಗದ ಬಂತು. ಅವಳಿಗೆ ಏಳು ತಿಂಗಳು. ಕುಬಸ ಮಾಡಲು ತವರಿಗೆ ಕರೆತರಬೇಕು. ಚೊಚ್ಚಿಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಉಡಿ ತುಂಬುವುದು ತವರಿನ ಹಕ್ಕು. ಅವ್ವ ಸೀರೆ ತಂದಿಟ್ಟು ಆಗಲೇ ತಿಂಗಳಾಗಿತ್ತು. ಕಾಗದದಲ್ಲಿ ಗಿರಿಜೆ ಬರೆದಿದ್ದಳು: "ಅಣ್ಣಾ, ನಾ ಬಸ್ಸಿನ್ಯಾಗ ಬರಾಂಗಿಲ್ಲ. ಇಲ್ಲಿ ಎಲ್ಲಾರಿಗೂ ನಮ್ಮಣ್ಣ ಕಾರ ತರ್ತಾನ ಅಂತ ಹೇಳೇನಿ. ಮಾವಾರು ಮಾತ್ರ ಒಂದು ಮಾತು ಹೇಳಾಕತ್ತಾರ." ಆ ಮಾತನ್ನು ಬೀಗರು ಕೆಳಗೆ ತಮ್ಮ ಕೈಯಲ್ಲೇ ಬರೆದಿದ್ದರು. ನಾನು ಕಾರು ತರಬಹುದು. ಅವರು ಬಣವೆಯ ಮುಂದೆ ನಿಲ್ಲುತ್ತಾರೆ. ಕಾರು ಅವರ ಮುಂದೆ ಬಂದು ತಾನಾಗಿ ನಿಂತರೆ ಸೊಸೆಯನ್ನು ಕಳಿಸುತ್ತಾರೆ. ನಿಲ್ಲದಿದ್ದರೆ ಕುಬಸ ಹಂಸಭಾವಿಯಲ್ಲೇ ಆಗುತ್ತದೆ. 'ನಾನು ಈ ಸಲ ಸರಿಯುವುದಿಲ್ಲ' ಎಂದು ಕೆಳಗೆ ಗೆರೆ ಎಳೆದಿದ್ದರು.

ಅವ್ವ ಕಾಗದ ಓದಿಸಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಮಗಳ ಉಡಿ ತುಂಬಾಕ ನಾ ಬೀಗರ ಅಂಗಳಕ್ಕ ಹೋಗಿ ಕೂಡಬೇಕೇನ? ನೀ ಏನಾರ ಮಾಡು. ಆ ಎಮ್ಮಿನ ನಿಂದ್ರಸು."

ಶಿಗ್ಗಾವಿಯ ಮೌಲಾಸಾಬ್ ಲಾರಿಗಳಿಗೆಲ್ಲ ವೈದ್ಯ. ಅವನಿಗೊಂದು ವಿಶೇಷ ಗುಣವಿತ್ತು: ಗಾಡಿಯೊಳಗೆ ಕೂತರೆ ನಿದ್ದೆ ಹೋಗುತ್ತಿದ್ದ, ಗಾಡಿಯ ಕೆಳಗೆ ಮಲಗಿದರೆ ಎಚ್ಚರವಾಗಿರುತ್ತಿದ್ದ. ಕೆಳಗಿನಿಂದಲೇ ಅವನ ಧ್ವನಿ ಬಂತು. "ಮಾಸ್ತರ, ಇದರ ಸಿಲಿಂಡರ್ ಒಳಗ ಗುಂಡಿ ಬಿದ್ದಾವ್ರಿ. ಬರೇ ರಬ್ಬರ್ ಹಾಕಿದ್ರ ಎರಡ ದಿನ. ಬ್ಯಾರೇದ ಹುಡುಕಬೇಕು."

"ಸಿಗ್ತೈತೇನು?"

"ಗಾಡಿ ಮಾಡಿದಾವ ಸತ್ತು ಮಣ್ಣಾಗ್ಯಾನ. ಹುಡುಕೂಣು."

ಮೊದಲು ಹಾನಗಲ್ಲಿಗೆ ಹೋದೆವು. ಅಲ್ಲಿನ ಅಂಗಡಿಯವನು ಜೀಪಿನ ಸಿಲಿಂಡರೊಂದನ್ನು ಮುಂದಿಟ್ಟ. ಹೊಸದು, ಥಳಥಳ, ಸಾಲದ್ದಕ್ಕೆ ರಟ್ಟಿನ ಡಬ್ಬಿ ಬೇರೆ. ನನಗೆ ಡಬ್ಬಿ ನೋಡಿಯೇ ಮನಸ್ಸು ಕರಗಿತು. ಮೌಲಾಸಾಬ್ ಅದರ ಬಾಯಿಯ ಅಗಲ ಅಳೆದು ಹೇಳಿದ, "ಇದರ ಹೊಟ್ಟಿ ದೊಡ್ಡದೈತ್ರಿ. ಇದನ್ನ ಹಾಕಿದ್ರ ಪೆಡಲ್ ಕಲ್ಲಾಗ್ತೈತಿ. ಒತ್ತಾಕ ನಿಮ್ಮ ಎರಡೂ ಕಾಲು ಸಾಲೂದಿಲ್ಲ, ಬಾಜೂಕ ಕುಂತಾರ್ದೂ ಬೇಕಾಗ್ತಾವು."

ಅಂಗಡಿಯವನು ನನ್ನ ಸಣಕಲು ಕಾಲುಗಳನ್ನು ನೋಡಿದ. "ಮಾಸ್ತರ ತಬ್ಯಾತ ನೋಡಿದ್ರ ಹಂಗ ಕಾಣಸ್ತೈತಿ ಬಿಡ್ರಿ" ಎಂದ.

ಬರಿಗೈಯಲ್ಲಿ ಮರಳಿದೆವು. ಉಳಿದದ್ದು ಸವಣೂರು. ಅಲ್ಲಿ ಮೌಲಾಸಾಬನ ಹೆಂಡತಿಯ ಅಜ್ಜ ಹುಸೇನಸಾಬರು ಹಳೆಯ ಮೋಟಾರುಗಳನ್ನು ಬಿಚ್ಚಿ ಭಾಗ ಮಾರುತ್ತಿದ್ದರು. ನಾನೂ ಅವನೂ ಬಸ್ಸಿಗೆ ಹೊರಡುವ ಮುಂಜಾನೆ ಅಪ್ಪ ದುಂಡಸಿಯಿಂದ ಬಂಡಿ ಹೂಡಿಕೊಂಡು ಶಿಗ್ಗಾವಿಗೆ ಬಂದಿಳಿದ. ಅವ್ವ ಅಟ್ಟಿದ್ದಳಂತೆ. ಅವಳ ತರ್ಕ ಸರಿಯಾಗೇ ಇತ್ತು: "ಎತ್ತು ತರಾಕ ಊರ ಮಂದಿ ಎಲ್ಲಾ ನಿಮ್ಮನ್ನ ಕರಕೊಂಡು ಹೋಗ್ತಾರ. ಮಗ ಬ್ರೇಕ್ ತರಾಕ ಒಬ್ಬನ ಹೊಂಟಾನ."

ಹುಸೇನಸಾಬರ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕಾರುಗಳ ಅಸ್ಥಿಪಂಜರ. ಅವರು ನಮ್ಮನ್ನು ಗೋಣಿಚೀಲದ ಮೇಲೆ ಕೂಡಿಸಿ, ಚಹಾ ಕುಡಿಸಿ, ಎಲೆ ಕೊಟ್ಟು, ಆಮೇಲೆ ಒಳಗಿನಿಂದ ಎರಡು ಸಿಲಿಂಡರು ತಂದು ಅಪ್ಪನ ಮುಂದೆ ಇಟ್ಟರು. "ನಿಮ್ಮ ಗಾಡಿ ಜಾತೀವ ಅದಾವು ಎರಡೂ. ಯಾವುದು ಬೇಕು ನೋಡ್ರಿ."

ಅಪ್ಪ ಟವೆಲು ಹೆಗಲಿಂದ ತೆಗೆದು ಮಂಡಿಯ ಮೇಲೆ ಹಾಕಿಕೊಂಡ. ಸಿಲಿಂಡರುಗಳ ಸುತ್ತ ಮೂರು ಸುತ್ತು ಬರಲಿಲ್ಲ. ಕೂತಲ್ಲೇ ಅವನ್ನು ಮೂರು ಸಲ ತಿರುಗಿಸಿದ. ಒಂದನ್ನು ಬೆರಳಿನಿಂದ ತಟ್ಟಿ ಕಿವಿಗೆ ಹಿಡಿದ. ಆಮೇಲೆ ಎತ್ತಿನ ಬಾಯಿ ತೆರೆಸುವ ಹಾಗೆ ಅದರ ಬಾಯಿಗೆ ಕಿರುಬೆರಳು ಹಾಕಿ, ಕಣ್ಣು ಮುಚ್ಚಿ, ಒಳಗೆಲ್ಲ ನಿಧಾನವಾಗಿ ಸವರಿದ.

ನನಗೆ ನಾಚಿಕೆಯಾಗಿ ಆ ಕಡೆ ತಿರುಗಿದೆ. ಮೌಲಾಸಾಬ್ ಮಾತ್ರ ಚಹಾದ ಬಸಿ ಕೆಳಗಿಟ್ಟ. "ಮಾಸ್ತರ, ನಿಮ್ಮಪ್ಪಗ ಯಾರ ಕಲಿಸ್ಯಾರ್ರಿ? ನೋಡೂದು ಹಿಂಗ. ಕಣ್ಣಿಗಿ ಕಾಣದ ಗುಂಡಿ ಬೆರಳಿಗೆ ಸಿಗ್ತೈತಿ."

"ಹಲ್ಲು ಸವದಿಲ್ಲ" ಎಂದ ಅಪ್ಪ, ಬೆರಳು ಹೊರಗೆ ತೆಗೆಯುತ್ತ. "ಒಳಗ ರೇಶಿಮಿ ಆಗೇದ." ಎರಡನೆಯದಕ್ಕೂ ಬೆರಳು ಹಾಕಿದ. ಅದೂ ರೇಶಿಮೆಯೇ. ಹಾಗಾದರೆ ತೀರ್ಪು ಸುಳಿಯ ಮೇಲೆ. ಅಪ್ಪ ಎರಡನೆಯದನ್ನು ಬಿಸಿಲಿಗೆ ಹಿಡಿದ. ಬೋಲ್ಟು ಕೂರುವ ತೂತಿನ ಕೆಳಗೆ, ಎರಕ ಹೊಯ್ಯುವಾಗ ಇಳಿದ ಕಬ್ಬಿಣ, ಹನಿಯ ಆಕಾರದಲ್ಲಿ ಗಟ್ಟಿಯಾಗಿ ನಿಂತಿತ್ತು. ಅಪ್ಪನ ಮುಖ ಕಪ್ಪಿಟ್ಟಿತು.

"ಕಣ್ಣಿನ ಕೆಳಗ ಐತಿ. ಇದು ಬ್ಯಾಡ."

"ಅಪ್ಪಾ, ಅದು ಎರಕದ ಹನಿ" ಎಂದೆ ನಾನು, ವಿಜ್ಞಾನದ ಪರವಾಗಿ.

"ಬಸರ ಹೆಣಮಗಳು ಕೂಡೂ ಗಾಡಿ. ನೀ ಸುಮ್ಮನ ಕೂಡು."

ವಿಜ್ಞಾನ ಸುಮ್ಮನೆ ಕೂತಿತು. ಇನ್ನು ವ್ಯವಹಾರ. ಅಪ್ಪ ಟವೆಲು ಬಿಚ್ಚಿ ಹುಸೇನಸಾಬರ ಮುಂದೆ ಚಾಚಿದ. ದನದ ಪೇಟೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರೂ ಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಹೇಳುತ್ತಾರೆ, ನಿಂತು ನೋಡುವವರಿಗೆ ಗೊತ್ತಾಗಬಾರದು. ಅಲ್ಲಿ ನಿಂತು ನೋಡುತ್ತಿದ್ದವರು ನಾನು, ಮೌಲಾಸಾಬ್ ಮತ್ತು ಒಂದು ಕೋಳಿ. ಮೋಟಾರಿನವರು ಈ ಪದ್ಧತಿಗೆ ಒಪ್ಪುತ್ತಾರೋ ಇಲ್ಲವೋ ಎಂದು ನಾನು ಕಂಗಾಲಾದೆ. ಹುಸೇನಸಾಬರು ಗಡ್ಡ ನೀವಿಕೊಂಡು, ಮುಗುಳ್ನಕ್ಕು, ತೋಳು ಮೇಲಕ್ಕೆ ಸರಿಸಿ ಟವೆಲಿನೊಳಗೆ ಕೈ ಹಾಕಿದರು. "ಯಜಮಾನ್ರ, ನಾ ಈ ಗುಜರಿಗೆ ಬರೂಕಿಂತ ಮದಲ ಇಪ್ಪತ್ತ ವರ್ಷ ಹೋರಿ ಮಾರೇನ್ರಿ!"

ಆ ಕೆಳಗೆ ಏನು ನಡೆಯಿತೋ ನನಗೆ ತಿಳಿಯದು. ಟವೆಲು ಒಮ್ಮೆ ಉಬ್ಬಿತು, ಒಮ್ಮೆ ಕುಣಿಯಿತು. ಮೇಲೆ ಎರಡು ಮುಖಗಳು ಸಾವಿನ ಮನೆಗೆ ಬಂದವರ ಹಾಗೆ ನಿಶ್ಚಲ. ಕಡೆಗೆ ಇಬ್ಬರೂ ಒಟ್ಟಿಗೆ "ಆತು" ಎಂದರು. ಎಷ್ಟಕ್ಕೆ ಆಯಿತೆಂದು ಅಪ್ಪ ಸಾಯುವ ತನಕ ಹೇಳಲಿಲ್ಲ. ಪೇಟೆಯ ಧರ್ಮ.

ಖುಷಿಯಲ್ಲಿದ್ದ ಅಪ್ಪ ಎದ್ದು ನಿಂತು ಎತ್ತಿನ ಶಾಸ್ತ್ರದ ಮೇಲೆ ನಾಲ್ಕು ಮಾತಾಡಿದ. ಸುಳಿ ಹೇಗೆ, ನಡಿಗೆ ಹೇಗೆ, ಒಂದೇ ಕೊಟ್ಟಿಗೆಯ ಜೋಡಿಯನ್ನು ಒಡೆದವನಿಗೆ ಹೇಗೆ ಏಳಿಗೆಯಿಲ್ಲ, ಇತ್ಯಾದಿ. ಹುಸೇನಸಾಬರು ಆ ಕಡೆಯ ಮಾತಿಗೆ ಕಾದು ಕೂತವರಂತೆ ಇನ್ನೊಂದು ಸಿಲಿಂಡರನ್ನು ಎತ್ತಿದರು.

"ಇವೆರಡೂ ಹನ್ನೆರಡ ವರ್ಷ ಒಂದ ಗೂಟಕ್ಕ ಕುಂತಾವ್ರಿ ನನ್ನ ಮನ್ಯಾಗ. ಈಗ ನೀವ ಜೋಡಿ ಒಡದ ಹೊಂಟ್ರಿ. ಹೆಂಗ ಮಾಡೂಣು?"

ಅಪ್ಪ ತನ್ನ ಶಾಸ್ತ್ರದ ನಡುವೆಯೇ ಸಿಕ್ಕಿಬಿದ್ದ. ಹುಸೇನಸಾಬರು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದು ನನ್ನ ಕಡಿಂದ, ಹುಡುಗೀ ಉಡಿಗೆ."

"ಊರಿಗೆ ಹೋದ ಮ್ಯಾಲ ಕಾರಿನ ಡಿಕ್ಕಿ ಒಳಗ ಒಗಿ" ಎಂದ ಅಪ್ಪ ನನಗೆ, ಅತ್ತ ನೋಡದೆ. "ಮನಿಯೊಳಗ ತರಬ್ಯಾಡ."

ಮರುದಿನ ಮೌಲಾಸಾಬ್ ತನ್ನ ಗ್ಯಾರೇಜಿನ ಹಿಂದೆ ಹಲಗೆಯ ಮೇಲೆ ಎರಡಕ್ಕೂ ಹೊಸ ರಬ್ಬರು ಹಾಕಿ ಜೋಡಿಸಿದ. ಒಂದು ಕಾರಿಗೆ, ಒಂದು ತನ್ನ ಮನಸ್ಸಿನ ಸಮಾಧಾನಕ್ಕೆ. ಆಮೇಲೆ ಅವನು ಕೈಕಾಲು ತೊಳೆದು ನಮಾಜಿಗೆ ಹೋದ, ನಾನು ಸಾಲೆಗೆ ಹೋದೆ. ಅಲ್ಲಿ ಉಳಿದವರು ಅಪ್ಪ, ಅವನ ಬಂಡಿ ಮತ್ತು ಆ ಎರಡು ಸಿಲಿಂಡರು. ಮುಂದಿನದನ್ನು ನಾವು ತಡವಾಗಿ ತಿಳಿದೆವು. ನಿಮ್ಮಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ.

ಜೀವನದಲ್ಲಿ ತಿರುಗುವ, ಸರಿಯುವ, ಕಿರುಗುಟ್ಟುವ ಯಾವುದನ್ನೇ ಕಂಡರೂ ಅಪ್ಪನ ಕೈ ಬಂಡಿಯ ಕೆಳಗೆ ತೂಗುವ ಬಿದಿರಿನ ಗೊಟ್ಟಕ್ಕೆ ಹೋಗುತ್ತಿತ್ತು. ಅದರಲ್ಲಿ ಕೀಲೆಣ್ಣೆ, ಗಾಲಿಯ ಅಚ್ಚಿಗೆ ಹಚ್ಚುವ ಕಪ್ಪು ಜಿಡ್ಡು. ಹಿಂದೆ ಅದು ಬರಿಯ ಔಡಲೆಣ್ಣೆ ಮತ್ತು ಮಸಿ. ಟ್ರ್ಯಾಕ್ಟರು ಬಂದ ಮೇಲೆ ಅಪ್ಪ ಅದರ ಸುಟ್ಟ ಆಯಿಲನ್ನೂ ಸುರಿಯುತ್ತಿದ್ದ. ಮನೆಯ ಬಾಗಿಲ ತಿರುಗಣಿ, ಬಾವಿಯ ಗಾಲಿ, ಅವ್ವನ ಹೊಲಿಗೆಯ ಯಂತ್ರ, ಎಲ್ಲಕ್ಕೂ ಅದೇ ಮದ್ದು. ನಾಳೆ ಮಗಳನ್ನು ಕರೆತರುವ ಸಿಲಿಂಡರು ಒಣಗಿ ಕೂತಿರುವುದು ಅವನಿಗೆ ಕಂಡಿತು. ತಾನು ಆರಿಸಿದ ಸಿಲಿಂಡರಿನ ಬಾಯಿಗೆ ಕಿರುಬೆರಳಿನಿಂದ ಕೀಲೆಣ್ಣೆಯನ್ನು, ಬಾಣಂತಿಗೆ ಎಣ್ಣೆ ಹಚ್ಚುವಷ್ಟು ಪ್ರೀತಿಯಿಂದ, ಧಾರಾಳವಾಗಿ ಮೆತ್ತಿದ. ಕಣ್ಣೀರಿನ ಸುಳಿಯದ್ದನ್ನು ಮುಟ್ಟಲಿಲ್ಲ.

ಬ್ರೇಕಿನ ರಬ್ಬರಿಗೂ ಎಂಜಿನ್ ಆಯಿಲಿಗೂ ಹಾವು ಮುಂಗುಸಿಯ ಸಂಬಂಧ. ತಾಗಿದರೆ ರಬ್ಬರು ಊದುತ್ತದೆ. ಒಂದೇ ಸಲಕ್ಕಲ್ಲ, ನೆಂಟರ ಸಿಟ್ಟಿನಂತೆ, ನಿಧಾನವಾಗಿ.

ಮೌಲಾಸಾಬ್ ಬಂದು ಅದನ್ನು ಕಾರಿಗೆ ಕೂರಿಸಿದ, ಇನ್ನೊಂದನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಡಿಕ್ಕಿಗೆ ಹಾಕಿದ. ಒತ್ತಿ ನೋಡಿದೆವು. ನಿಂತಿತು. ಮತ್ತೆ ಒತ್ತಿದೆವು. ನಿಂತಿತು. ನಾನು ಶಿಗ್ಗಾವಿಯ ಪೇಟೆಯಲ್ಲಿ ಕಾರಣವಿಲ್ಲದೆ ಆರು ಕಡೆ ನಿಂತೆ. ನಿಲ್ಲುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಕಿರಾಣಿ ಅಂಗಡಿಯ ಮುಂದೆ ನಿಂತೆ, ಪೋಸ್ಟಿನ ಮುಂದೆ ನಿಂತೆ, ಒಂದು ನಾಯಿಗಾಗಿ ನಿಂತೆ. ನಾಯಿ ನಂಬಲಿಲ್ಲ.

ಮರುದಿನ ಬೆಳಿಗ್ಗೆ ಹೊರಟೆವು. ಮುಂದೆ ನಾನು ಮತ್ತು ಅಪ್ಪ, ಹಿಂದೆ ಮೌಲಾಸಾಬ್. ಅವನು ಊರ ಅಗಸಿ ದಾಟುವುದರೊಳಗೆ ಗೊರಕೆ ಹೊಡೆಯುತ್ತಿದ್ದ. ಹಾನಗಲ್ಲು ಬರುವುದರೊಳಗೆ ಪೆಡಲು ಗಟ್ಟಿಯಾಗತೊಡಗಿತು.

"ಅಪ್ಪಾ, ಪೆಡಲ್ ಬಿಗಿ ಆಗಾಕತ್ತೈತಿ."

"ಹೋರಿ ಕಸುವು ಹಿಡ್ಯಾಕತ್ತೈತಿ" ಎಂದ ಅಪ್ಪ, ತೃಪ್ತಿಯಿಂದ.

ಹಾನಗಲ್ಲು ದಾಟಿದ ಮೇಲೆ ಕಾರು ಏರಿನಲ್ಲಿ ಮಾತ್ರವಲ್ಲ, ಸಪಾಟಿನಲ್ಲೂ ಏದುಸಿರು ಬಿಡತೊಡಗಿತು. ಸುಟ್ಟ ವಾಸನೆ. ಅಪ್ಪ ಮೂಗರಳಿಸಿ, "ಯಾರೋ ಇಟ್ಟಂಗಿ ಸುಡಾಕತ್ತಾರ" ಎಂದ. ಏಳು ಮೈಲಿ ನಮ್ಮ ಜೊತೆಗೇ ಬರುವ ಇಟ್ಟಂಗಿಯ ಭಟ್ಟಿ ಯಾವುದೆಂದು ವಿಜ್ಞಾನದ ಮಾಸ್ತರನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ನನ್ನ ಮನಸ್ಸೆಲ್ಲ ಬೀಗರ ಮೇಲಿತ್ತು.

ಹಂಸಭಾವಿಯಲ್ಲಿ ಬೀಗರು ನುಡಿದಂತೆ ನಿಂತಿದ್ದರು. ಹಿಂದೆ ಬಣವೆ, ತಲೆಗೆ ಪಟಗ, ಎದೆಯ ಮೇಲೆ ಕೈಕಟ್ಟು. ಓಣಿಯ ಮಂದಿ ಕಟ್ಟೆಯ ಮೇಲೆ. ಹೊಸ್ತಿಲಲ್ಲಿ ಗಿರಿಜೆ, ಒಂದು ಕೈ ಸೊಂಟದ ಮೇಲೆ, ಒಂದು ಕೈ ಬಾಯಿಯ ಮೇಲೆ. ನಾನು ಅಂಗಳಕ್ಕೆ ತಿರುಗಿಸಿ, ಕಣ್ಣು ಮುಚ್ಚಬಾರದೆಂದು ನಿಶ್ಚಯಿಸಿ, ಒತ್ತಿದೆ.

ಕಾರು ಬೀಗರ ಎದೆಯಿಂದ ಒಂದು ಮೊಳ ದೂರದಲ್ಲಿ ಗೂಟ ಹುಗಿದಂತೆ ನಿಂತಿತು. ಬೀಗರ ರೆಪ್ಪೆ ಅಲುಗಲಿಲ್ಲ. ಪಟಗ ಸ್ವಲ್ಪ ಅಲುಗಿತು.

"ನಿಂತತಿ" ಎಂದರು.

ಓಣಿಯೇ ಹೋ ಎಂದಿತು. ಅಪ್ಪ ಇಳಿದು, ಸಭೆಯಲ್ಲಿ ಸನ್ಮಾನ ಸ್ವೀಕರಿಸುವವನಂತೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಗಿರಿಜೆಯ ಅತ್ತೆ ಕಾರಿಗೆ ಆರತಿ ಎತ್ತಿ ಮೂತಿಗೆ ಕುಂಕುಮ ಹಚ್ಚಿದರು. ಊಟವಾಯಿತು. ಗಿರಿಜೆಯನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂಡಿಸಿದರು. ನಾನು ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ಎಲ್ಲರಿಗೂ ಕೈಮುಗಿದು ಕ್ಲಚ್ಚು ಬಿಟ್ಟೆ. ಎಂಜಿನ್ ಕೆಮ್ಮಿ ಆರಿಹೋಯಿತು. ಮತ್ತೆ ಕೈಮುಗಿದೆ. ಮತ್ತೆ ಆರಿತು. ನಾಲ್ಕನೆಯ ನಮಸ್ಕಾರದ ಹೊತ್ತಿಗೆ ಕಟ್ಟೆಯ ಮೇಲಿನವರು ತಿರುಗಿ ಕೈಮುಗಿಯುವುದನ್ನು ಬಿಟ್ಟಿದ್ದರು. ಹತ್ತು ಮಂದಿ ದೂಡಿದರು. ಕಾರು ಅಂಗಳಕ್ಕೆ ಬೇರುಬಿಟ್ಟಿತ್ತು.

ಬೀಗರು ಗಂಭೀರವಾಗಿ ಹೇಳಿದರು: "ಹ್ವಾದ ಸಲ ನಿಂದ್ರವಲ್ದು ಆಗಿತ್ತು. ಈ ಸಲ ಹೋಗವಲ್ದು. ಮಾಸ್ತರ, ನಿಮ್ಮ ಗಾಡಿಗೆ ನಡಬರಕ ಏನೂ ಇಲ್ಲೇನ್ರಿ?"

ಹಿಂದಿನ ಸೀಟಿನಲ್ಲಿ ಗಿರಿಜೆಗೆ ನಗೆ ಹತ್ತಿತು. ಒಮ್ಮೆ ಹತ್ತಿದರೆ ಇಳಿಯದ ನಗೆ ಅವಳದು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಗತೊಡಗಿದಳು. ಅವಳ ಅತ್ತೆ ಹೌಹಾರಿದರು. "ಆಕಿನ್ನ ನಗಸಬ್ಯಾಡ್ರೋ! ಏಳ ತಿಂಗಳದಾಕಿ! ಎಲ್ಲಾರೂ ಮಾರಿ ಗಂಟ ಹಾಕ್ರಿ!" ಓಣಿಯ ಮಂದಿ ಆಜ್ಞೆಯಂತೆ ಮುಖ ಗಂಟಿಕ್ಕಿದರು. ಅದನ್ನು ನೋಡಿ ಗಿರಿಜೆ ಇನ್ನೂ ಜೋರಾಗಿ ನಕ್ಕಳು.

ಮೌಲಾಸಾಬ್ ಕಾರಿನ ಕೆಳಗೆ ಸೇರಿದ, ಎಂದರೆ ಎಚ್ಚರಗೊಂಡ. ಸಿಲಿಂಡರು ಬಿಚ್ಚಿದ ಸದ್ದು. ಆಮೇಲೆ ಒಂದು ಕೈ ಹೊರಗೆ ಬಂತು. ಅದರ ತೋರುಬೆರಳಿನ ತುದಿಗೆ ಕಪ್ಪು ಜಿಡ್ಡು.

"ರಬ್ಬರ್ ಊದಿ ಬೋಂಡಾ ಆಗ್ಯಾವ್ರಿ. ಹಿಡದ ಬ್ರೇಕ್ ಬಿಡವಲ್ದು. ಇದಕ್ಕ ಕೀಲೆಣ್ಣಿ ಯಾರ ಹಚ್ಚ್ಯಾರ?"

ಅಪ್ಪ ಬಣವೆಯನ್ನು ನೋಡುತ್ತಿದ್ದ. ಒಳ್ಳೆಯ ಬಣವೆ, ನೋಡುವಂಥದ್ದೇ. ಕಡೆಗೆ ತಾನೇ ಹೇಳಿದ, ಸಣ್ಣ ಧ್ವನಿಯಲ್ಲಿ: "ಒಣಗಿತ್ತು."

ಮೌಲಾಸಾಬ್ ಹೊರಗೆ ಬಂದು ಅವನ ಮುಖ ನೋಡಿದ. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. "ಇರ್ಲಿ ಬಿಡ್ರಿ, ಯಜಮಾನ್ರ. ಬಂಡಿಗಿ ಹಿತ ಆಗೂದು ಎಲ್ಲಾಕ್ಕೂ ಹಿತ ಆಗೂದಿಲ್ಲ."

ಬೀಗರು ಗಡಿಯಾರ ನೋಡಿದರು. "ಇನ್ನ ಕುಬಸ ಇಲ್ಲೇ ಮಾಡೂಣ್ರಿ. ಬೀಗತಿಯವ್ರಿಗೆ ಸೀರಿ ತಗೊಂಡ ಇಲ್ಲೇ ಬರ್ರಿ ಅಂತ ಹೇಳಿ ಕಳಸ್ರಿ. ಇಳಿವಾ, ಗಿರಿಜವ್ವ."

"ನಾ ಇಳ್ಯಾಂಗಿಲ್ಲ" ಎಂದಳು ಗಿರಿಜೆ. ನಗೆ ನಿಂತಿತ್ತು. "ಅವ್ವ ಹಾದಿ ನೋಡತಿರತಾಳ. ನಾ ನಮ್ಮಣ್ಣನ ಗಾಡ್ಯಾಗ ಹೋಗಾಕಿ. ಹೊಂಡೂತನಾ ಇಲ್ಲೇ ಕುಂದರತೇನಿ."

ಆಗ ಅಪ್ಪ ಎದ್ದ. ಡಿಕ್ಕಿ ತೆರೆದ. ಪೇಪರಿನ ಪೊಟ್ಟಣ ಬಿಚ್ಚಿ ಕಣ್ಣೀರಿನ ಸುಳಿಯ ಸಿಲಿಂಡರನ್ನು ಎರಡು ಕೈಯಲ್ಲೂ ಹಿಡಿದ. ಆ ಹನಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದ, ಹೋಗುತ್ತದೇನೋ ಎನ್ನುವಂತೆ. ಹೋಗಲಿಲ್ಲ. ಮೌಲಾಸಾಬನಿಗೆ ಕೊಟ್ಟ.

"ಇದಕ್ಕ ನಾ ಏನೂ ಹಚ್ಚಿಲ್ಲ" ಎಂದ.

ಎರಡು ತಾಸು ಹಿಡಿಯಿತು. ಮೌಲಾಸಾಬ್ ನಳಿಕೆಗಳಲ್ಲಿದ್ದ ಹಳೆಯ ಎಣ್ಣೆಯನ್ನೆಲ್ಲ ಹೊರಗೆ ಹರಿಸಿ, ಹೊಸ ಡಬ್ಬಿ ಒಡೆದು ತುಂಬಿಸಿದ. ನಾನು ಪೆಡಲು ಒತ್ತುತ್ತ, ಬಿಡುತ್ತ, ಅವನು ಕೂಗಿದಂತೆ ಕುಣಿದೆ. ಗಿರಿಜೆ ಹಿಂದಿನ ಸೀಟಿನಲ್ಲಿ ಕಡಲೆ ತಿನ್ನುತ್ತ ಕೂತಿದ್ದಳು. ಅಪ್ಪನನ್ನು ಕಾರಿನಿಂದ ಹತ್ತು ಮಾರು ದೂರ ಕೂಡಿಸಿದ್ದೆವು.

ಮುಗಿದ ಮೇಲೆ ಬೀಗರು ಮತ್ತೆ ಪಟಗ ಸರಿಮಾಡಿಕೊಂಡರು. "ಬ್ಯಾರೇ ಎತ್ತು ಅಂದ್ರ ಬ್ಯಾರೇ ಪರೀಕ್ಷಾ. ಹಿಂದ ಒಯ್ರಿ, ಗಾಡಿ ತರ್ರಿ." ಹೋಗಿ ಬಣವೆಯ ಮುಂದೆ ನಿಂತರು. ಕಾರು ಹಿಂದೆ ಸರಿದದ್ದನ್ನು ಕಂಡೇ ಕಟ್ಟೆಯ ಮಂದಿ ಒಂದು ಸುತ್ತು ಚಪ್ಪಾಳೆ ತಟ್ಟಿದರು. ಅಪ್ಪ ಎದ್ದು ನಿಧಾನವಾಗಿ ನಡೆದು ಬೀಗರ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸಿ, ನಿಂತ.

"ನೀವ್ಯಾಕ ನಿಂದ್ರತೀರಿ, ಬೀಗರ?" ಎಂದರು ಅವರು.

"ಸುಳಿ ನೋಡಿ ಬ್ಯಾಡ ಅಂದಾಂವ ನಾನ. ತಪ್ಪಿದ್ರ ಮದಲ ನನಗ ಗೊತ್ತಾಗಬೇಕು."

ನಾನು ಕಾರನ್ನು ಅವರಿಬ್ಬರ ಕಡೆಗೆ ಬಿಟ್ಟೆ. ಹಿಂದಿನಿಂದ ಗಿರಿಜೆ, "ಅಣ್ಣಾ, ಇಬ್ಬರ ಅದಾರ, ನೋಡಿ ಒತ್ತು" ಎಂದಳು. ಒತ್ತಿದೆ.

ಹಂಸಭಾವಿಯಿಂದ ದುಂಡಸಿಯ ತನಕ ಆ ದಿನ ಒಟ್ಟು ಹದಿನೇಳು ಸಲ ಬ್ರೇಕು ಹಾಕಿದೆ, ಅಂಗಳದ್ದೂ ಸೇರಿ. ಹದಿನೇಳು ಸಲವೂ ಕಾರು ನಿಂತಿತು, ಹದಿನೇಳು ಸಲವೂ ಮತ್ತೆ ಹೊರಟಿತು. ಅವ್ವ ಮರುದಿನ ಬೆಳಿಗ್ಗೆ ಗಿರಿಜೆಗೆ ಹಸಿರು ಸೀರೆ ಉಡಿಸಿದಳು. ಅಪ್ಪ ಆರಿಸಿದ ಸಿಲಿಂಡರು ಪಡಸಾಲೆಯ ಬಾಗಿಲ ಬುಡಕ್ಕೆ ಬಂತು.